ಅಥಣಿ ಚಪ್ಪಲಿ: ಹೊಲಿಗೆ ಆಮೇಲೆ, ತೊಗಲು ಮೊದಲು

ಕೇಳುಗರಿಗೆ ನಮಸ್ಕಾರ.

ಅಥಣಿ, ನಿಪ್ಪಾಣಿ ಕಡೆಯ ಕುಶಲಕರ್ಮಿಗಳ ಕೈಕೆಳಗೆ ಕೂತು ಚಪ್ಪಲಿ ಮಾಡುವುದನ್ನು ಕಲಿಯಬೇಕೆಂದಿರುವ ತಮ್ಮಂದಿರಿಗೆ, ತಂಗಿಯರಿಗೆ ಈ ಮಾತು. ಪೇಟೆಯಲ್ಲಿ ಇದಕ್ಕೆ ಕೊಲ್ಹಾಪುರಿ ಎನ್ನುತ್ತಾರೆ. 2019ರಲ್ಲಿ ಇದು ಈ ಸೀಮೆಯ ಕಸುಬೆಂದು ಭೌಗೋಳಿಕ ಸೂಚಿಕೆಯ (ಜಿಐ) ಮಾನ್ಯತೆ ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರವೂ ಅದರಲ್ಲಿ ಸೇರಿದವು. ಇದು ನಮ್ಮದೇ ಕಸುಬು, ಕಲಿಯುವವರು ಬೇಕು.

ಬಂದವರೆಲ್ಲ ಮೊದಲ ದಿನವೇ ಹೊಲಿಗೆ ತೋರಿಸಿ ಅನ್ನುತ್ತಾರೆ. ದಯವಿಟ್ಟು ಹಾಗೆ ಕೇಳಬೇಡಿ. ಮೊದಲು ತೊಗಲನ್ನು ತಿಳಿಯಿರಿ.

ಇಡೀ ತೊಗಲನ್ನು ನೆಲದ ಮೇಲೆ ಹಾಸಿ ಕೈಯಾಡಿಸಿ. ಬೆನ್ನಿನ ಭಾಗ ಒತ್ತಾಗಿ, ಗಟ್ಟಿಯಾಗಿರುತ್ತದೆ. ಹೊಟ್ಟೆಯ ಭಾಗ ಸಡಿಲ, ಎಳೆದರೆ ಹಿಗ್ಗುತ್ತದೆ. ಕುತ್ತಿಗೆಯಲ್ಲಿ ಸುಕ್ಕು. ಚಪ್ಪಲಿಯ ಅಡಿಭಾಗಕ್ಕೆ ಎಮ್ಮೆಯ ಬೆನ್ನಿನ ತೊಗಲೇ ಆಗಬೇಕು. ಮೇಲ್ಪಟ್ಟಿಯನ್ನು ಬೆನ್ನುಮೂಳೆಯ ಗೆರೆಗೆ ಸಮನಾಗಿ, ಉದ್ದಕ್ಕೆ ಕತ್ತರಿಸಬೇಕು. ಆ ದಿಕ್ಕಿನಲ್ಲಿ ತೊಗಲು ಕಡಿಮೆ ಹಿಗ್ಗುತ್ತದೆ.

ಹೊಸಬರ ಕೈಯಲ್ಲಿ ಮತ್ತೆ ಮತ್ತೆ ಆಗುವ ಒಂದು ಪ್ರಸಂಗ ಹೇಳುತ್ತೇನೆ, ಸಾವಕಾಶ ಕೇಳಿ. ಹುಡುಗ ತೊಗಲು ಉಳಿಸಬೇಕೆಂದು ಅಚ್ಚುಗಳನ್ನು ಸಿಕ್ಕ ಜಾಗದಲ್ಲಿ ಕೂಡಿಸುತ್ತಾನೆ. ಬಲಗಾಲಿನ ಪಟ್ಟಿ ಬೆನ್ನಿನಿಂದ ಬರುತ್ತದೆ. ಎಡಗಾಲಿನದು ಹೊಟ್ಟೆಯ ಮೂಲೆಯಿಂದ, ಅದೂ ಅಡ್ಡಡ್ಡ. ಜೋಡಿ ತಯಾರಾದಾಗ ಎರಡೂ ಒಂದೇ ಥರ ಕಾಣುತ್ತವೆ. ಕೊಂಡವರು ಕೆಲವು ದಿನ ನಡೆದಾಡುತ್ತಾರೆ. ಎಡಪಟ್ಟಿ ಹಿಗ್ಗುತ್ತದೆ, ಪಾದ ಮುಂದಕ್ಕೆ ಜಾರುತ್ತದೆ. ಜಾರಿದ ಭಾರವನ್ನೆಲ್ಲ ಉಂಗುಟ, ಅಂದರೆ ಹೆಬ್ಬೆರಳು ತೂರಿಸುವ ತೊಗಲಿನ ಬಳೆ, ಹೊರಬೇಕಾಗುತ್ತದೆ. ಅಲ್ಲಿ ಹೊಲಿಗೆ ಹರಿಯುತ್ತದೆ. ಚಪ್ಪಲಿ ವಾಪಸ್ ಬರುತ್ತದೆ. ಹುಡುಗ ಹೊಲಿಗೆಯೇ ಸೋತಿತೆಂದು ಇನ್ನೊಂದು ಸಾಲು ಬಿಗಿಯಾಗಿ ಹಾಕಿ ಕೊಡುತ್ತಾನೆ. ಮತ್ತೆ ಅಲ್ಲೇ ಹರಿಯುತ್ತದೆ, ಈ ಸಲ ತೂತುಗಳು ಒತ್ತೊತ್ತಾಗಿದ್ದರಿಂದ ತೊಗಲೂ ಸೀಳುತ್ತದೆ. ಕಲಿಸುವ ಹಿರಿಯರು ಉಂಗುಟದ ಕಡೆ ನೋಡುವುದೇ ಇಲ್ಲ. ಎರಡೂ ಪಟ್ಟಿಗಳನ್ನು ಹಿಡಿದು ಎಳೆದು ನೋಡುತ್ತಾರೆ. ಒಂದು ಜಗ್ಗುತ್ತದೆ, ಇನ್ನೊಂದು ಜಗ್ಗುವುದಿಲ್ಲ. ಕೆಟ್ಟದ್ದು ಕತ್ತರಿಸುವಾಗ, ಹರಿದದ್ದು ಹೊಲಿಗೆಯಲ್ಲಿ! ಅದಕ್ಕೇ ಎಡ ಬಲ ಪಟ್ಟಿಗಳನ್ನು ಒಂದೇ ಭಾಗದಿಂದ, ಅಕ್ಕಪಕ್ಕದಲ್ಲೇ ಕತ್ತರಿಸಿ. ಚೂರು ತೊಗಲು ಹೋದರೆ ಹೋಗಲಿ.

ಇನ್ನು ಹದ, ಅಂದರೆ ಹಸಿ ತೊಗಲು ಕೊಳೆಯದಂತೆ ಪಕ್ವ ಮಾಡುವುದು. ಈ ಕೆಲಸಕ್ಕೆ ಜಾಲಿ ತೊಗಟೆ, ಅಳಲೆಕಾಯಿಯ ನೀರಿನಲ್ಲಿ ಹದವಾದ ತೊಗಲು ಬೇಕು. ಕ್ರೋಮಿಯಂ ಲವಣದಲ್ಲಿ ಹದ ಮಾಡಿದ ಕ್ರೋಮ್ ತೊಗಲು ಬೇಡ, ಕುಟ್ಟಿದ ಆಕಾರವನ್ನು ಅದು ಹಿಡಿದಿಟ್ಟುಕೊಳ್ಳುವುದಿಲ್ಲ. ಬಣ್ಣ ಹಚ್ಚದ ತೊಗಲಿನ ಅಂಚು ಕತ್ತರಿಸಿ ನೋಡಿ: ಒಳಗೂ ಕಂದು ಬಣ್ಣವಿದ್ದರೆ ತೊಗಟೆಯ ಹದ, ನೀಲಿ ಛಾಯೆಯಿದ್ದರೆ ಕ್ರೋಮ್.

ಅಡಿಯ ತೊಗಲನ್ನು ನೀರಿನಲ್ಲಿ ನೆನೆಸಿ, ತೆಗೆದು, ಮೇಲಿನ ನೀರು ಆರಿದ ಮೇಲೆ ಕಲ್ಲಿನ ಮೇಲಿಟ್ಟು ಕುಟ್ಟಬೇಕು. ಕುಟ್ಟಿದಷ್ಟೂ ಎಳೆಗಳು ಒತ್ತಾಗುತ್ತವೆ, ಅಡಿ ಬೇಗ ಸವೆಯುವುದಿಲ್ಲ. ತೀರಾ ಹಸಿಯಿರುವಾಗ ಹೊಲಿದರೆ ಒಣಗಿದಾಗ ಕುಗ್ಗಿ ಹೊಲಿಗೆ ಸಡಿಲಾಗುತ್ತದೆ. ತೀರಾ ಒಣಗಿದ್ದರೆ ತೂತು ಹಾಕುವ ಉಳಿ ಇಳಿಯುವುದಿಲ್ಲ, ಬಲ ಹಾಕಿದರೆ ಬಿರಿಯುತ್ತದೆ. ಮುಟ್ಟಿದಾಗ ತಂಪಾಗಿರಬೇಕು, ಬಗ್ಗಿಸಿದಾಗ ನೀರು ಒಸರಬಾರದು. ಇದನ್ನು ಮೊಬೈಲಿನ ವಿಡಿಯೋ ಕಲಿಸುವುದಿಲ್ಲ, ಬೆರಳೇ ಕಲಿಯಬೇಕು.

ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ತೊಗಲು ಕತ್ತರಿಸುವ ರಂಪಿಗೆಯನ್ನು ದಿನವೂ ಮಸೆಯಿರಿ. ಮೊಂಡಾದರೆ ತೊಗಲನ್ನು ಎಳೆದು ಹರಿಯುತ್ತದೆ, ಜಾರಿ ಕೈಗೂ ಬರುತ್ತದೆ. ತೊಗಲು ಒತ್ತಿ ಹಿಡಿದ ಕೈ ಯಾವಾಗಲೂ ಅಲಗಿನ ಹಿಂದಿರಲಿ. ಹೊಲಿಯುವುದು ತೊಗಲಿನ ಎಳೆಯಿಂದ, ಮೊಳೆಯಿಲ್ಲ. ಉಳಿಯ ತೂತು ಎಳೆಗಿಂತ ತುಸು ಸಣ್ಣದಿರಲಿ, ಎಳೆಯನ್ನು ಒದ್ದೆ ಮಾಡಿ ತೂರಿಸಿ. ತೂತುಗಳು ಅಂಚಿಗೆ ತೀರಾ ಹತ್ತಿರ ಬಂದರೆ ಅಂಚೇ ಕಿತ್ತುಬರುತ್ತದೆ. ವೇಣಿ, ಅಂದರೆ ಪಟ್ಟಿಯ ಮೇಲಿನ ತೊಗಲಿನ ಜಡೆ, ಹೆಣೆಯುವುದನ್ನು ಅಥಣಿ ಕಡೆಯ ಅಕ್ಕಂದಿರ ಬಳಿ ಕಲಿಯಿರಿ, ಆ ನಾಜೂಕು ಅವರ ಕೈಯಲ್ಲಿದೆ. ಮುಗಿದ ಜೋಡಿಯನ್ನು ನೆರಳಿನಲ್ಲೇ ಒಣಗಿಸಿ. ಬಿಸಿಲಿಗಿಟ್ಟರೆ ಅಡಿ ಸೊಟ್ಟಗಾಗುತ್ತದೆ.

ನಾಳೆಯೇ ಕಲಿಯಲು ಹೋಗುವವರಿದ್ದರೆ ಹಿರಿಯರ ಹತ್ತಿರ ಒಂದು ಹಿಡಿ ಚೂರು ತೊಗಲು ಕೇಳಿ. ಒಂದೊಂದನ್ನೂ ಉದ್ದಕ್ಕೆ, ಅಡ್ಡಕ್ಕೆ ಎಳೆದು, ಯಾವುದು ಬೆನ್ನಿನದು, ಯಾವುದು ಹೊಟ್ಟೆಯದು ಅಂತ ಹೇಳಿ. ಸರಿಯೋ ತಪ್ಪೋ ಅವರು ತಿಳಿಸುತ್ತಾರೆ. ನಮಸ್ಕಾರ.