ಹವಾಯಿ ಚಪ್ಪಲಿಯ ಮೇಯರ್

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಪಂಚಾಯ್ತಿ ಸದಸ್ಯರು ಕೂತಿದ್ದೀರಿ. ತುಂಬಾ ಸಂತೋಷ, ಇವತ್ತಿನ ಮಾತು ನಿಮಗೇ.

ಫಿಲಿಪ್ಪೀನ್ಸ್ ಅಂದರೆ ನಮಗೆ ಸರ್ವಾಧಿಕಾರಿ ಮಾರ್ಕೋಸ್ ನೆನಪಾಗುತ್ತಾನೆ, ಅವನ ಹೆಂಡತಿಯ ಸಾವಿರಾರು ಷೂಗಳು ನೆನಪಾಗುತ್ತವೆ. ನಾನು ಹೇಳಹೊರಟಿರುವುದು ಅದೇ ದೇಶದ ಒಂದು ಜೊತೆ ಹವಾಯಿ ಚಪ್ಪಲಿಯ ಕತೆ.

ಜೆಸ್ಸಿ ರೊಬ್ರೆಡೊ. ಕಾಮರಿನೆಸ್ ಸುರ್ ಪ್ರಾಂತ್ಯದ ನಾಗಾ ಎಂಬ ಊರಿನವರು. ಓದಿದ್ದು ಎಂಜಿನಿಯರಿಂಗ್. ದೊಡ್ಡ ಕಂಪನಿಯ ಕೆಲಸ ಬಿಟ್ಟು ಊರಿಗೆ ಬಂದರು. 1988ರಲ್ಲಿ ಮೇಯರ್ ಆದಾಗ ಅವರಿಗೆ 29 ವರ್ಷ. ಆಗ ಖಜಾನೆ ಬರಿದಾಗಿತ್ತು. ಆದಾಯದ ಲೆಕ್ಕದಲ್ಲಿ ಮೊದಲ ದರ್ಜೆಯ ನಗರ ಮೂರನೇ ದರ್ಜೆಗೆ ಇಳಿದಿತ್ತು. ಕೆಲವೇ ವರ್ಷಗಳಲ್ಲಿ ಮತ್ತೆ ಮೇಲಕ್ಕೆ ತಂದರು.

ನಾಗಾ ಇರುವ ಬಿಕೊಲ್ ಅಂದರೆ ಚಂಡಮಾರುತದ ಸೀಮೆ. ಗಾಳಿ ಮಳೆ ನಿಂತ ಮರುದಿನ ಬೆಳಿಗ್ಗೆ ಜನ ಬಾಗಿಲು ತೆಗೆದರೆ, ಬೀದಿಯಲ್ಲಿ ಒಬ್ಬ ಸಣಕಲು ಮನುಷ್ಯ ಸಲಿಕೆ ಹಿಡಿದು ಕೆಸರು ಎತ್ತುತ್ತಿರುತ್ತಿದ್ದ. ಚಡ್ಡಿ, ಕಾಲಿಗೆ ರಬ್ಬರ್ ಚಪ್ಪಲಿ. ಮೇಯರ್! ಮೇಯರೇ ಕೆಸರಲ್ಲಿ ನಿಂತಿರುವಾಗ ನೌಕರರು ಮನೆಯಲ್ಲಿ ಕೂರುವುದು ಹೇಗೆ? ಅಕ್ಕಪಕ್ಕದವರು ಕೂರುವುದು ಹೇಗೆ? ಅವರ ಭಾಷೆಯಲ್ಲಿ ಈ ಚಪ್ಪಲಿಗೆ ‘ಸಿನೆಲಾಸ್’ ಅನ್ನುತ್ತಾರೆ. ಎಲ್ಲಿಗೆ ಬೇಕಾದರೂ ನುಗ್ಗಬಹುದು, ನೆನೆದರೆ ಚಿಂತೆಯಿಲ್ಲ. ಈಗ ಅಲ್ಲಿ ‘ಸಿನೆಲಾಸ್ ನಾಯಕತ್ವ’ ಅನ್ನುವ ಮಾತೇ ಹುಟ್ಟಿಕೊಂಡಿದೆ.

ಆದರೆ ಚಪ್ಪಲಿ ನೋಡಿ ಚಪ್ಪಾಳೆ ತಟ್ಟಿ ಸುಮ್ನಾಗಬೇಡಿ. ಒಳ್ಳೆಯವನು ಸಿಕ್ಕಾಗ ಅವನ ಒಳ್ಳೆಯತನವನ್ನು ಬರೆಸಿಕೊಳ್ಳಬೇಕು. ರೊಬ್ರೆಡೊ ತಾವಾಗಿಯೇ ಬರೆದುಕೊಟ್ಟರು. ಅದಕ್ಕೇ ನನಗೆ ಅವರ ಮೇಲೆ ಇಷ್ಟು ಪ್ರೀತಿ.

ಏನು ಬರೆದುಕೊಟ್ಟರು? 1995ರಲ್ಲಿ ಒಂದು ಸ್ಥಳೀಯ ಕಾನೂನು. ಊರಿನ ಸಂಘಗಳು ಸೇರಿ ಒಂದು ಜನರ ಪರಿಷತ್ತು ಮಾಡಿಕೊಂಡವು. ರೈತರು, ಬಡಬಡಾವಣೆಯವರು, ಹೆಂಗಸರು, ಎಲ್ಲರ ಸಂಘಗಳೂ ಅದರಲ್ಲಿದ್ದವು. ಅವರ ಪ್ರತಿನಿಧಿಗಳು ನಗರಸಭೆಯ ಸಮಿತಿಗಳಲ್ಲಿ ಕೂತು ಮಾತಾಡಬಹುದು, ಮತ ಹಾಕಬಹುದು. ಆಮೇಲೆ 2001ರಲ್ಲಿ ಒಂದು ಪುಸ್ತಕ. ಯಾವ ಕೆಲಸಕ್ಕೆ ಯಾವ ಕಾಗದ ಬೇಕು, ಎಷ್ಟು ಹೊತ್ತು ಹಿಡಿಯುತ್ತದೆ, ಯಾರು ಮಾಡಿಕೊಡಬೇಕು, ಅವರು ಯಾವ ಕೋಣೆಯಲ್ಲಿ ಕೂರುತ್ತಾರೆ, ಎಲ್ಲವೂ ಅದರಲ್ಲಿತ್ತು. ಕಚೇರಿಯ ನಕ್ಷೆ ಕೂಡ.

ಅಪ್ಪ ತೀರಿಕೊಂಡಾಗ ಮರಣಪತ್ರಕ್ಕೆ ನಾನು ಒಂದು ಕಚೇರಿಗೆ ಐದು ಸಲ ಹೋದೆ. ಪ್ರತಿ ಸಲವೂ ಒಂದು ಹೊಸ ಕಾಗದ ಕೇಳಿದರು. ಆ ಐದೂ ಕಾಗದಗಳ ಹೆಸರು ಮೊದಲ ದಿನವೇ ಗೋಡೆ ಮೇಲಿದ್ದಿದ್ದರೆ? ನಮ್ಮಲ್ಲಿ ‘ಸಕಾಲ’ ಬಂದದ್ದು 2012ರಲ್ಲಿ. ನಾಗಾದವರು 11 ವರ್ಷ ಮೊದಲೇ ಮಾಡಿದ್ದರು. ಅದಕ್ಕೇ ಹೇಳುತ್ತೇನೆ, ಬರೆಸಿಕೊಳ್ಳಿ.

2000ದಲ್ಲಿ ರೊಬ್ರೆಡೊಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅದೇ ವರ್ಷ ಅದೇ ಪ್ರಶಸ್ತಿ ಪಡೆದ ಇನ್ನೊಬ್ಬರು ಜೋಕಿನ್ ಅರ್ಪುತಂ. ನಮ್ಮ ಕೆಜಿಎಫ್‌ನಲ್ಲಿ ಹುಟ್ಟಿ, ಮುಂಬೈ ಕೊಳೆಗೇರಿಗಳ ಜನರನ್ನು ಸಂಘಟಿಸಿದವರು. ನಾಗಾದಲ್ಲೂ ನೆಲೆಯಿಲ್ಲದ ಬಡವರಿಗೆ ಜಾಗ ಕೊಡಿಸುವ ಯೋಜನೆ ನಡೆದಿತ್ತು. ಇಬ್ಬರ ಕೆಲಸವೂ ಒಂದೇ ನೆಲದ್ದು ಅಲ್ವಾ?

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಬೇಗ ಮುಗಿಸುತ್ತೇನೆ. ರೊಬ್ರೆಡೊ ರಾಜಕೀಯಕ್ಕೆ ಬಂದಾಗ ಬೆನ್ನಿಗಿದ್ದ ಬಂಧು, ಪ್ರಾಂತ್ಯದ ಗವರ್ನರ್ ವಿಲ್ಲಾಫುವೆರ್ಟೆ, 1992ರ ಮೇಯರ್ ಚುನಾವಣೆಯಲ್ಲಿ ತಮ್ಮ ಸೋದರಿಯನ್ನೇ ಎದುರು ನಿಲ್ಲಿಸಿದರು. ರೊಬ್ರೆಡೊ ಆಗಲೂ ಗೆದ್ದರು. ಆ ಜಗಳದ ಕತೆ ದೊಡ್ಡದು, ಇನ್ನೊಮ್ಮೆ ಹೇಳುತ್ತೇನೆ. 2010ರಲ್ಲಿ ದೇಶದ ಒಳಾಡಳಿತ ಸಚಿವರಾದರು. ಪ್ರತಿ ಸ್ಥಳೀಯ ಸಂಸ್ಥೆಯೂ ಬಜೆಟ್ಟು, ಟೆಂಡರು ಎಲ್ಲವನ್ನೂ ಜನರಿಗೆ ಕಾಣುವ ಕಡೆ ಹಾಕಬೇಕು ಅಂತ ಆದೇಶ ಹೊರಡಿಸಿದರು. ಅಲ್ಲೂ ಬರವಣಿಗೆಯೇ ನೋಡಿ!

2012ರ ಆಗಸ್ಟ್ 18. ಸೆಬುವಿನಿಂದ ಪುಟ್ಟ ವಿಮಾನದಲ್ಲಿ ಮನೆಗೆ ಹೊರಟಿದ್ದರು. ಮಗಳ ಈಜು ಸ್ಪರ್ಧೆ ಇತ್ತು. ಮಸ್ಬಾತೆ ದ್ವೀಪದ ಹತ್ತಿರ ವಿಮಾನ ಸಮುದ್ರಕ್ಕೆ ಬಿತ್ತು. ಮೂರು ದಿನದ ಮೇಲೆ ದೇಹ ಸಿಕ್ಕಿತು. ವಯಸ್ಸು 54. ಹೆಂಡತಿ ಲೆನಿ ಮುಂದೆ ದೇಶದ ಉಪಾಧ್ಯಕ್ಷೆಯಾದರು.

ಒಂದೇ ಮಾತು. ನಾಗಾದ ಆ ಪುಸ್ತಕದ ಮಾದರಿಯಲ್ಲೇ ಒಂದು ಹಾಳೆ ಕನ್ನಡದಲ್ಲಿ ಮಾಡಿಸಿ ತಂದಿದ್ದೇನೆ. ಹೊರಗೆ ಮೇಜಿನ ಮೇಲಿದೆ. ಪಂಚಾಯ್ತಿಯ ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ. ಹೋಗುವಾಗ ಒಂದೊಂದು ತೆಗೆದುಕೊಳ್ಳಿ.