ಒಂದು ಸೆಕೆಂಡಿಗೆ ಇಷ್ಟೆಲ್ಲ ರಗಳೆ ಬೇಕಾ?

ನಮಸ್ಕಾರ. ಕೊಪ್ಪಳದಿಂದ ಮಾತಾಡುತ್ತಿದ್ದೇನೆ. ಇವತ್ತು ಲೀಪ್ ಸೆಕೆಂಡ್ ವಿಷಯ, ಅಂದರೆ ಭೂಮಿಯ ತಿರುಗಾಟಕ್ಕೆ ಹೊಂದಿಸಲು ಗಡಿಯಾರಕ್ಕೆ ಆಗಾಗ ಸೇರಿಸುವ ಒಂದು ಸೆಕೆಂಡ್. ಈಗ ನಡೆಯುತ್ತಿರುವ ಪದ್ಧತಿಯನ್ನು 2035ರೊಳಗೆ ಬದಲಿಸಬೇಕು ಅಂತ 2022ರಲ್ಲೇ ಅಳತೆ ಮತ್ತು ತೂಕದ ಅಂತರರಾಷ್ಟ್ರೀಯ ಸಭೆ ತೀರ್ಮಾನ ಮಾಡಿದೆ. ಒಳ್ಳೆಯದಾಯಿತು. ನನ್ನ ಕೇಳಿದರೆ ಅಷ್ಟು ವರ್ಷ ಕಾಯುವುದೂ ಬೇಡ.

ಮೊದಲು ವಿಷಯ ಏನು ಅಂತ ನೋಡೋಣ. ನಮ್ಮ ಹತ್ತಿರ ಎರಡು ಗಡಿಯಾರ ಇವೆ. ಒಂದು ಭೂಮಿ, ಇನ್ನೊಂದು ಪರಮಾಣು ಗಡಿಯಾರ. ಸೀಸಿಯಂ ಪರಮಾಣುವಿನ 919 ಕೋಟಿ 26 ಲಕ್ಷ 31 ಸಾವಿರದ 770 ಕಂಪನ ಆದರೆ ಒಂದು ಸೆಕೆಂಡ್ ಅಂತ 1967ರಲ್ಲಿ ಗೊತ್ತು ಮಾಡಿದರು. ಆ ಲೆಕ್ಕ ತಪ್ಪುವುದಿಲ್ಲ. ತಪ್ಪುವುದು ಭೂಮಿ. ಚಂದ್ರನ ಸೆಳೆತಕ್ಕೆ ಸಮುದ್ರ ಉಬ್ಬುತ್ತದಲ್ಲ, ಅದು ತಿರುಗುವ ಭೂಮಿಗೆ ಬ್ರೇಕ್ ಹಿಡಿದ ಹಾಗೆ. ನೂರು ವರ್ಷಕ್ಕೆ ದಿನದ ಉದ್ದ ಹೆಚ್ಚೂಕಡಿಮೆ 1.7 ಮಿಲಿಸೆಕೆಂಡ್ ಜಾಸ್ತಿಯಾಗುತ್ತದೆ.

ಇಷ್ಟೇನಾ ಅನ್ನಬೇಡಿ. ಪರಮಾಣು ಸೆಕೆಂಡಿಗೆ ಸರಿಹೊಂದುವುದು 1820ರ ಸುಮಾರಿನ ದಿನ. ಆಮೇಲಿನ ದಿನ ಸಾಮಾನ್ಯವಾಗಿ ಅದಕ್ಕಿಂತ ಉದ್ದ. ದಿನಕ್ಕೆ ಒಂದೆರಡು ಮಿಲಿಸೆಕೆಂಡ್ ಬಾಕಿ ಬಿದ್ದರೂ ಒಂದೂವರೆಯಿಂದ ಮೂರು ವರ್ಷದಲ್ಲಿ ಅದು ಒಂದು ಸೆಕೆಂಡ್ ಆಗುತ್ತದೆ. ಆಗ ಗಡಿಯಾರಕ್ಕೆ ಒಂದು ಸೆಕೆಂಡ್ ಸೇರಿಸುತ್ತಾರೆ. 1972ರಿಂದ ಹೀಗೆ 27 ಸಲ ಸೇರಿಸಿದ್ದಾರೆ. ಕೊನೆಯದು ನಮ್ಮ ದೇಶದಲ್ಲಿ 2017ರ ಜನವರಿ 1ರ ಬೆಳಿಗ್ಗೆ ಬಂತು. 5 ಗಂಟೆ 29 ನಿಮಿಷ 59 ಸೆಕೆಂಡ್ ಆದ ಮೇಲೆ 5:30 ಆಗಲಿಲ್ಲ. ನಡುವೆ 5:29:60 ಅಂತ ಒಂದು ಸೆಕೆಂಡ್ ಬಂದು ಹೋಯಿತು. ಒಗ್ಗರಣೆ ಮಿರ್ಚಿಗೆ ಒಲೆ ಹಚ್ಚುವ ಹೊತ್ತು ಅದು. ಯಾರಿಗೆ ಗೊತ್ತಾಯಿತು ಹೇಳಿ?

ಗೊತ್ತಾಗಿದ್ದು ಕಂಪ್ಯೂಟರ್‌ಗಳಿಗೆ. ನಿಮಿಷದಲ್ಲಿ 61 ಸೆಕೆಂಡ್ ಇರುತ್ತದೆ ಅಂತ ಎಷ್ಟು ಪ್ರೋಗ್ರಾಂ ಬರೆಯುವವರಿಗೆ ನೆನಪಿರುತ್ತದೆ? 2012ರ ಲೀಪ್ ಸೆಕೆಂಡಿಗೆ ಲಿನಕ್ಸ್ ಸರ್ವರ್‌ಗಳು ತಬ್ಬಿಬ್ಬಾಗಿ ರೆಡ್ಡಿಟ್ ಅನ್ನುವ ಜಾಲತಾಣ ಕೆಲಹೊತ್ತು ನಿಂತಿತು. ಆಸ್ಟ್ರೇಲಿಯಾದಲ್ಲಿ ಕ್ವಾಂಟಾಸ್ ವಿಮಾನಗಳ ಚೆಕ್-ಇನ್ ಕೈಕೊಟ್ಟಿತು. ಗೂಗಲ್ ಬೇರೆ ದಾರಿ ಹಿಡಿದಿದೆ, ಆ ಒಂದು ಸೆಕೆಂಡನ್ನು ಚೂರುಚೂರು ಮಾಡಿ ಇಡೀ ದಿನಕ್ಕೆ ಹಂಚುತ್ತದೆ. ಜಾಣತನವೇನೋ ಸರಿ. ಆದರೆ ಆ ದಿನ ಗೂಗಲ್ ಗಡಿಯಾರಕ್ಕೂ ಉಳಿದವರ ಗಡಿಯಾರಕ್ಕೂ ತಾಳೆ ಇರುವುದಿಲ್ಲ. ಜಿಪಿಎಸ್ ಅಂತೂ ಲೀಪ್ ಸೆಕೆಂಡಿನ ತಂಟೆಗೇ ಹೋಗಿಲ್ಲ. ಅದರ ಗಡಿಯಾರ ಉಳಿದ ಗಡಿಯಾರಗಳಿಗಿಂತ 18 ಸೆಕೆಂಡ್ ಮುಂದಿದೆ.

"ಹಾಗಂತ ಗಡಿಯಾರ ಸೂರ್ಯನನ್ನು ಬಿಟ್ಟು ಹೋಗಬಹುದಾ?" ಅಂತ ಕೇಳುವವರಿದ್ದಾರೆ. ಸ್ವಾಮಿ, ಕೊಪ್ಪಳದಲ್ಲಿ ಅದು ಯಾವತ್ತೋ ಬಿಟ್ಟು ಹೋಗಿದೆ. ಭಾರತದ ಸಮಯ ನಿಂತಿರುವುದು 82.5 ಡಿಗ್ರಿ ರೇಖಾಂಶದ ಮೇಲೆ. ಅದು ಹೋಗುವುದು ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ. ನಾವಿರುವುದು ಅದಕ್ಕಿಂತ ಆರು ಡಿಗ್ರಿಗೂ ಜಾಸ್ತಿ ಪಶ್ಚಿಮಕ್ಕೆ. ಒಂದು ಡಿಗ್ರಿಗೆ ನಾಲ್ಕು ನಿಮಿಷ. ಅಂದರೆ ನಮ್ಮ ಸೂರ್ಯ ಗಡಿಯಾರಕ್ಕಿಂತ ಸರಾಸರಿ 25 ನಿಮಿಷ ಹಿಂದೆ.

ನಂಬಿಕೆ ಬರದಿದ್ದರೆ ಅಂಗಳದಲ್ಲಿ ಒಂದು ಕೋಲು ನೆಡಿ. ಮೇ ತಿಂಗಳ ಮೊದಲ ದಿನಗಳಲ್ಲಿ ಸೂರ್ಯ ನಮ್ಮ ನೆತ್ತಿಗೆ ಬರುತ್ತಾನೆ, ಕೋಲಿನ ನೆರಳು ಬುಡದಲ್ಲೇ ಮುದುಡಿ ಹೋಗುತ್ತದೆ. ಅದಾಗುವುದು ಹನ್ನೆರಡಕ್ಕಲ್ಲ, 12:22ರ ಸುಮಾರಿಗೆ. ಫೆಬ್ರುವರಿ ನಡುವೆ ನೋಡಿದರೆ ನೆರಳು ಅತಿ ಚಿಕ್ಕದಾಗುವುದು 12:39ಕ್ಕೆ. ನವೆಂಬರ್ ಶುರುವಿನಲ್ಲಿ 12:09ಕ್ಕೇ. ಭೂಮಿಯ ಓರೆ ಮತ್ತು ಅದರ ಮೊಟ್ಟೆಯಾಕಾರದ ದಾರಿಯಿಂದ ವರ್ಷದಲ್ಲಿ ಅರ್ಧ ಗಂಟೆ ಹೀಗೆ ಹಿಂದೆ ಮುಂದೆ ಆಗುತ್ತದೆ. ಯಾರಾದರೂ ಊಟದ ಹೊತ್ತು ಬದಲಿಸಿದ್ದಾರಾ? ಇನ್ನೂ ಒಂದು ಮಾತು. ಕೊಪ್ಪಳಕ್ಕೂ ಹೊಸಪೇಟೆಗೂ ಸೂರ್ಯನ ಲೆಕ್ಕದಲ್ಲಿ ಹತ್ತಿರ ಹತ್ತಿರ ಒಂದು ನಿಮಿಷ ವ್ಯತ್ಯಾಸ ಇದೆ. ರಾಯಚೂರಿಗೆ ಐದು ನಿಮಿಷ. ಲೀಪ್ ಸೆಕೆಂಡ್ ನಿಲ್ಲಿಸಿದರೆ ಒಂದು ನಿಮಿಷದ ಬಾಕಿ ಸೇರುವುದಕ್ಕೇ ಐವತ್ತರಿಂದ ನೂರು ವರ್ಷ ಬೇಕು ಅನ್ನುತ್ತಾರೆ. ಅಷ್ಟನ್ನು ನಾವು ಬಸ್ಸಿನಲ್ಲಿ ಹೊಸಪೇಟೆಗೆ ಹೋಗಿ ಬರುವಾಗಲೇ ದಾಟುತ್ತೇವೆ.

ಲೆಕ್ಕ ಸರಿ ಮಾಡುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ನಮ್ಮ ಪಂಚಾಂಗದಲ್ಲಿ ಅಧಿಕ ಮಾಸ ಇಲ್ವಾ? 2023ರಲ್ಲಿ ಅಧಿಕ ಶ್ರಾವಣ, 2026ರಲ್ಲಿ ಅಧಿಕ ಜ್ಯೇಷ್ಠ. ಅದರಿಂದಲೇ ಗವಿಮಠದ ಜಾತ್ರೆ ಜನವರಿ ಆಸುಪಾಸಿನಲ್ಲೇ ಉಳಿದಿದೆ. ಅಲಾಯಿ ಹಬ್ಬಕ್ಕೆ, ಅಂದರೆ ಮೊಹರಂಗೆ, ಆ ಲೆಕ್ಕ ಇಲ್ಲ, ಅದು ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತಾ ಮಳೆಗಾಲಕ್ಕೂ ಬರುತ್ತದೆ, ಬೇಸಿಗೆಗೂ ಬರುತ್ತದೆ. ಎರಡೂ ಹಬ್ಬ ಚೆನ್ನಾಗೇ ನಡೆಯುತ್ತವೆ. ಅಧಿಕ ಮಾಸವನ್ನು ನೂರು ವರ್ಷ ಮೊದಲೇ ಲೆಕ್ಕ ಹಾಕಿ ಅಚ್ಚು ಹಾಕಿಸಬಹುದು. ಲೀಪ್ ಸೆಕೆಂಡಿಗೆ ಆ ಭಾಗ್ಯ ಇಲ್ಲ. ಪ್ಯಾರಿಸ್‌ನಿಂದ, ಭೂಮಿಯ ತಿರುಗಾಟದ ಲೆಕ್ಕ ಇಡುವ ಐಇಆರ್‌ಎಸ್ ಸಂಸ್ಥೆ ಆರು ತಿಂಗಳು ಮೊದಲು ಹೇಳಿದಾಗಲೇ ಗೊತ್ತು. ನನ್ನ ತಕರಾರು ಇರುವುದು ಇಲ್ಲಿ.

ಅವರದೂ ತಪ್ಪಿಲ್ಲ ಬಿಡಿ. ಭೂಮಿಯ ತಿರುಗಾಟವೇ ಹಾಗೆ. ಗಾಳಿ, ಕರಗುವ ಹಿಮ, ಒಳಗಿನ ದ್ರವದ ತಿರುಳು, ಎಲ್ಲ ಅದನ್ನು ಎಳೆದಾಡುತ್ತವೆ. ತುಂಗಭದ್ರಾ ಡ್ಯಾಂ ತುಂಬಿದರೂ ಲೆಕ್ಕದಲ್ಲಿ ಭೂಮಿ ನಿಧಾನ ಆಗಲೇಬೇಕು, ಆದರೆ ಅಳೆಯುವಷ್ಟಲ್ಲ. ತಮಾಷೆ ಅಂದರೆ ಈಗ ಕೆಲವು ವರ್ಷಗಳಿಂದ ಭೂಮಿ ಸ್ವಲ್ಪ ಜೋರಾಗಿಯೇ ತಿರುಗುತ್ತಿದೆ. 2024ರ ಜುಲೈ 5ರ ದಿನ 24 ಗಂಟೆಗಿಂತ 1.66 ಮಿಲಿಸೆಕೆಂಡ್ ಗಿಡ್ಡ ಇತ್ತು. ಹೀಗೇ ಆದರೆ ಸೇರಿಸುವುದಲ್ಲ, ಒಂದು ಸೆಕೆಂಡ್ ಕಿತ್ತುಹಾಕಬೇಕಾಗುತ್ತದೆ. ಇದುವರೆಗೆ ಒಮ್ಮೆಯೂ ಮಾಡಿದ್ದಲ್ಲ. ಸೇರಿಸಿದ್ದಕ್ಕೇ ಹಾಗಾಡಿದ ಸರ್ವರ್‌ಗಳು ಕಿತ್ತರೆ ಏನು ಮಾಡುತ್ತವೋ.

ಇನ್ನು ಕೆಲವರು ಲೀಪ್ ನಿಮಿಷ ಮಾಡೋಣ ಅನ್ನುತ್ತಿದ್ದಾರೆ. ಅದೂ ಬೇಡ. ಐವತ್ತು ವರ್ಷಕ್ಕೊಮ್ಮೆ ಓಡುವ ಪ್ರೋಗ್ರಾಂನಲ್ಲಿ ತಪ್ಪಿದ್ದರೆ, ಅದನ್ನು ಬರೆದವರೂ ಆಗ ಸಿಗುವುದಿಲ್ಲ. ಹಲವು ನೂರು ವರ್ಷಕ್ಕೆ ವ್ಯತ್ಯಾಸ ಒಂದು ಗಂಟೆ ಆದಾಗ ಆಗಿನ ಸರ್ಕಾರ ದೇಶದ ಸಮಯವನ್ನೇ ಒಂದು ಗಂಟೆ ಸರಿಸಲಿ. ಎರಡನೇ ಮಹಾಯುದ್ಧದಲ್ಲಿ, 1942ರಿಂದ 1945ರವರೆಗೆ, ಭಾರತದ ಗಡಿಯಾರವನ್ನು ಒಂದು ಗಂಟೆ ಮುಂದೆ ಇಟ್ಟಿದ್ದರು, ಆಮೇಲೆ ಮತ್ತೆ ಹಿಂದಕ್ಕೆ ತಂದರು. ಒಂದು ಆದೇಶದಲ್ಲಿ ಮುಗಿಯುವ ಕೆಲಸ ಅದು.