ಐದು ಮಣ್ಣಿನಲ್ಲಿ ಜೋಕಪ್ಪನ ಪಾಲು

ಕೇಳುಗರಿಗೆ ನಮಸ್ಕಾರ.

ಜಗತ್ತು ಒಮ್ಮೆ ಹುಟ್ಟಿ ಮುಗಿಯಿತೆಂದು ಧಾರವಾಡ, ಗದಗ, ಹಾವೇರಿ ಸೀಮೆಯ ಒಕ್ಕಲುತನದವರು ನಂಬಿದಂತೆ ಕಾಣುವುದಿಲ್ಲ. ಪ್ರತಿ ಮಳೆಗಾಲಕ್ಕೂ ಅವರು ಅದನ್ನು ಮಣ್ಣಿನಿಂದ ಮತ್ತೆ ಮಾಡುತ್ತಾರೆ. ಜ್ಯೇಷ್ಠದ ಅಮವಾಸ್ಯೆಗೆ ಮಣ್ಣೆತ್ತು, ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಶ್ರಾವಣದಲ್ಲಿ ಹುತ್ತದ ಮಣ್ಣಿನ ನಾಗಪ್ಪ, ಭಾದ್ರಪದದಲ್ಲಿ ಗಣಪ, ಕೊನೆಗೆ ಜನ ಜೋಕಪ್ಪ ಎಂದೂ ಕರೆಯುವ ಜೋಕುಮಾರ. ಹೀಗೆ ಐದು ಮಣ್ಣಿನ ಪೂಜೆ ಮುಗಿಯುವ ಹೊತ್ತಿಗೆ ಮುಂಗಾರಿ ಪೈರು ತೆನೆಗಟ್ಟಿರುತ್ತದೆ, ಎರೆಹೊಲ ಹಿಂಗಾರಿ ಬಿತ್ತಿಗೆಗೆ ಹದ ಕಾಯುತ್ತಿರುತ್ತದೆ. ಮೊದಲ ನಾಲ್ವರನ್ನು ಹಾಡಿ ಹೊಗಳುವವರು ಬಹಳ ಮಂದಿ ಇದ್ದಾರೆ. ನಾನು ಜೋಕಪ್ಪನ ಬಳಿಯೇ ನಿಲ್ಲುತ್ತೇನೆ.

ಭಾದ್ರಪದ ಶುದ್ಧ ಅಷ್ಟಮಿಗೆ ಹುಟ್ಟಿ ಹುಣ್ಣಿಮೆಗೆ ಸಾಯುವ ಈತನ ಆಯುಷ್ಯ 7 ದಿನ. ಅಗಲ ಕಣ್ಣು, ದಪ್ಪ ಮೀಸೆ, ಯಾವ ಸಂಕೋಚವೂ ಇಲ್ಲದೆ ತೋರಿಸಿದ ಪುರುಷಾಂಗವುಳ್ಳ ಮಣ್ಣಿನ ಮೂರ್ತಿಯನ್ನು ಬೇವಿನ ಸೊಪ್ಪು ತುಂಬಿದ ಬುಟ್ಟಿಯಲ್ಲಿಟ್ಟು, ತುಟಿಗೆ ಬೆಣ್ಣೆ ಸವರಿ, ಅಂಬಿಗರ ಮನೆತನದ ಹೆಣ್ಣುಮಕ್ಕಳು ಹಾಡುತ್ತ ಮನೆಮನೆಗೆ ಹೊತ್ತು ತರುತ್ತಾರೆ. ಮನೆಯವರು ಮೊರದಲ್ಲಿ ಜೋಳ ನೀಡುತ್ತಾರೆ. ಆ ಹೆಣ್ಣುಮಕ್ಕಳಿಂದ ಪಡೆದ ನುಚ್ಚು ಅಂಬಲಿಯನ್ನು ರೈತ ಹೊಲಕ್ಕೊಯ್ದು ಚರಗ ಚೆಲ್ಲುತ್ತಾನೆ, ಅಂದರೆ ಎಡೆಯಾಗಿ ಹೊಲದ ತುಂಬ ಎರಚುತ್ತಾನೆ.

ಜನ ಹೇಳುವ ಕಥೆಯಲ್ಲಿ ಗಣಪನೂ ಜೋಕಪ್ಪನೂ ಶಿವನಿಗೆ ಭೂಲೋಕದ ಸುದ್ದಿ ಒಪ್ಪಿಸುವವರು. ಕಡುಬು ಉಂಡು ಹೋದ ಗಣಪ ಎಲ್ಲರೂ ಸುಖವಾಗಿದ್ದಾರೆ ಎನ್ನುತ್ತಾನೆ. ಕೇರಿಕೇರಿ ಸುತ್ತಿ ಅಂಬಲಿ ಕುಡಿದ ಜೋಕಪ್ಪ, ಮಳೆಯಿಲ್ಲದೆ ಬೆಳೆ ಬಾಡಿದೆ ಎಂದು ಇದ್ದದ್ದನ್ನು ಇದ್ದಂತೆ ಹೇಳುತ್ತಾನೆ. ಉತ್ತರಿ ಮಳೆ ಕೈಕೊಟ್ಟರೆ ಬಿಳಿಜೋಳ, ಕಡಲೆ, ಕುಸುಬಿ ಬಿತ್ತಲು ನೆಲದಲ್ಲಿ ಹಸಿಯೇ ಸಾಲದ ಈ ಸೀಮೆಗೆ, ಹಬ್ಬದೂಟ ಉಂಡವನ ವರದಿಗಿಂತ ಅಂಬಲಿ ಕುಡಿದವನ ಮಾತು ಬೇಕಾಗಿತ್ತು. ಬರ ಸಮೀಕ್ಷೆಗೆ ಬಂದು ಹೋಗುವವರನ್ನು ನೆನೆದು ಇಲ್ಲಿ ಯಾರಾದರೂ ನಕ್ಕರೆ ನಾನು ತಡೆಯಲಾರೆ.

ಆದರೂ ನಿಜ ಹೇಳಿದನೆಂದು ಊರು ಅವನನ್ನು ಸಾಧು ಮಾಡಲಿಲ್ಲ. ಕಂಡ ಕಂಡ ಹೆಣ್ಣಿನ ಬೆನ್ನು ಹತ್ತುವ ಪುಂಡ ಅವನು. ಅಗಸರ ಹುಡುಗಿಯನ್ನು ಕೆಣಕಿ ಅವರ ಕೈಯಲ್ಲಿ ಸಾಯುತ್ತಾನೆ. ಈ ಕಥೆಯನ್ನು ಕಟ್ಟಿದವರ ಧೈರ್ಯ ನನಗೆ ದೊಡ್ಡದಾಗಿ ಕಾಣುವುದು ಇಲ್ಲಿ. ಬೀಜ ಮೊಳೆಸುವ ಬಲವನ್ನೂ ಮೇರೆ ಮೀರುವ ಕಾಮವನ್ನೂ ಒಂದೇ ಮೈಯಲ್ಲಿಟ್ಟು, ಪೈರು ಬೇಕೆಂಬ ಆಸೆಗೆ ಅವನ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳದೆ, ಕೊಂದ ಮೇಲೂ ಅವನ ಹೆಸರಿನ ಚರಗವನ್ನು ಬಿಡದೆ ಅವರು ಉಳಿಸಿಕೊಂಡಿದ್ದಾರೆ. ಹುಣ್ಣಿಮೆಯ ರಾತ್ರಿ ಒಡೆದ ಮೂರ್ತಿಯನ್ನು ಬಟ್ಟೆ ಒಗೆಯುವ ಕಲ್ಲಿನ ಬಳಿ ಹಾಕುತ್ತಾರೆ. ಅಲ್ಲಿಂದ ಮೂರು ದಿನ, ಹಲವು ಊರುಗಳಲ್ಲಿ, ಅಗಸರು ಆ ಕಲ್ಲಿನ ಮೇಲೆ ಬಟ್ಟೆ ಒಗೆಯುವುದಿಲ್ಲ.